ನಹಲಾ: ಹೀಬ್ರೂ ಧರ್ಮಗ್ರಂಥದಲ್ಲಿ ‘ಸ್ವಾಸ್ತ್ಯ’ ಎಂದರೆ ಏನು?

ಕನ್ನಡ ಬೈಬಲ್ ಓದುವವರಿಗೆ ‘ಸ್ವಾಸ್ತ್ಯ’ ಎಂಬ ಮಾತು ಹೊಸದಲ್ಲ. ದಿನನಿತ್ಯದ ಕನ್ನಡದಲ್ಲಿ ಅಪರೂಪವಾಗಿರುವ ಈ ಪದ ಹಳೆಯ ಒಡಂಬಡಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾನಾನ್ ದೇಶವು ಇಸ್ರಾಯೇಲರ ಸ್ವಾಸ್ತ್ಯ, ಆರಾಧನೆಯ ಸೇವೆಗೆ ಮೀಸಲಾದ ಕುಲದವರಾದ ಲೇವಿಯರಿಗೆ ಅವರ ದೇವರಾದ ಯೆಹೋವನೇ ಸ್ವಾಸ್ತ್ಯ, ಇಸ್ರಾಯೇಲರು ಯೆಹೋವನ ಸ್ವಾಸ್ತ್ಯ, ಮಕ್ಕಳು ಯೆಹೋವನಿಂದ ಬಂದ ಸ್ವಾಸ್ತ್ಯ. ಈ ನಾಲ್ಕೂ ಕಡೆ ಮೂಲದಲ್ಲಿರುವ ಹೀಬ್ರೂ ಪದ ‘ನಹಲಾ’. ಹೀಬ್ರೂ ಬೈಬಲ್ಲಿನಲ್ಲಿ ಅದು 200ಕ್ಕೂ ಹೆಚ್ಚು ಸಲ ಬರುತ್ತದೆ. ಅದನ್ನು ‘ತಂದೆ ಸತ್ತ ಮೇಲೆ ಮಕ್ಕಳಿಗೆ ಬರುವ ಆಸ್ತಿ’ ಎಂದಷ್ಟೇ ತಿಳಿದುಕೊಂಡರೆ ಮೊದಲ ವಾಕ್ಯದಲ್ಲಿಯೇ ತೊಡಕು ಎದುರಾಗುತ್ತದೆ. ಕಾನಾನ್ ದೇಶವನ್ನು ಇಸ್ರಾಯೇಲರಿಗೆ ಬಿಟ್ಟು ತೀರಿಕೊಂಡ ಯಜಮಾನ ಯಾರೂ ಇಲ್ಲ. ಮೂರನೆಯ ವಾಕ್ಯದ ತೊಡಕು ಇನ್ನೂ ದೊಡ್ಡದು. ದೇವರು ಒಂದು ಜನಾಂಗವನ್ನು ಬಾಧ್ಯತೆಯಾಗಿ, ಅಂದರೆ ವಾರಸಾಗಿ, ಪಡೆಯಬೇಕಾದರೆ, ಅದು ಅವನಿಗೆ ಯಾರ ಮರಣದಿಂದ ಬಂದಂತಾಯಿತು?

ಈ ಪದದ ಒಳಗೆ ಮೊದಲಿಗೆ ಇರುವುದು ಹಂಚಿಕೆ. ಹಂಚುವ ಅಧಿಕಾರವುಳ್ಳವನು ಅಳೆದು, ಗುರುತಿಸಿ, ಇಂಥವರಿಗೆಂದು ಕೊಟ್ಟ ಪಾಲು ನಹಲಾ. ಹಾಗೆ ಕೊಟ್ಟದ್ದು ಪಡೆದವರ ಕೈಯಲ್ಲಿ ಶಾಶ್ವತವಾಗಿ ಉಳಿಯಬೇಕು, ಪರಭಾರೆಯಾಗಬಾರದು ಎಂಬ ಷರತ್ತು ಅದರೊಂದಿಗೇ ಬರುತ್ತದೆ. ತಂದೆಯಿಂದ ಮಗನಿಗೆ ಅದು ದಾಟುವುದು ಈ ಷರತ್ತಿನ ಫಲ. ಪಡೆದವನು ಸಾಯುತ್ತಾನೆ, ಪಾಲು ಮನೆತನದಲ್ಲಿ ಉಳಿಯಬೇಕು, ಆದ್ದರಿಂದ ಅದು ಮುಂದಿನವರಿಗೆ ಹೋಗುತ್ತದೆ. ಹಂಚಿಕೆಯ ಈ ಅರ್ಥ ಇಸ್ರಾಯೇಲರಿಗೂ ಹಿಂದಿನದು. ಯೂಫ್ರೆಟಿಸ್ ನದಿಯ ದಂಡೆಯಲ್ಲಿದ್ದ ಮಾರಿ ನಗರದಲ್ಲಿ ದೊರೆತ, ಕ್ರಿ.ಪೂ. 18ನೆಯ ಶತಮಾನದ ಮಣ್ಣಿನ ಹಲಗೆಗಳಲ್ಲಿ ಇದೇ ಧಾತುವಿನ ಕ್ರಿಯಾಪದವು ಆಸ್ತಿಯನ್ನು ಒಬ್ಬರಿಗೆ ವಹಿಸಿಕೊಡುವುದು ಎಂಬ ಅರ್ಥದಲ್ಲಿ ಬಳಕೆಯಾಗಿದೆ. ಸಿರಿಯಾದ ಕರಾವಳಿಯ ಉಗಾರಿತ್ ಪಟ್ಟಣದ ಉತ್ಖನನ 1929ರಲ್ಲಿ ಆರಂಭವಾಯಿತು. ಅಲ್ಲಿ ಸಿಕ್ಕ ಪುರಾಣಕಾವ್ಯದಲ್ಲಿ ಬಾಳ್ ದೇವತೆಯು ತನ್ನ ನೆಲೆಯಾದ ಸಾಫೋನ್ ಪರ್ವತವನ್ನು ‘ನನ್ನ ನಹಲಾದ ಬೆಟ್ಟ’ ಎಂದು ಕರೆಯುತ್ತಾನೆ. ಕೆಂಪು ಸಮುದ್ರವನ್ನು ದಾಟಿದ ಮೇಲೆ ಮೋಶೆ ಹಾಡಿದನೆಂದು ವಿಮೋಚನಕಾಂಡ ದಾಖಲಿಸುವ ಗೀತೆಯ 17ನೆಯ ವಚನದಲ್ಲಿ ಅದೇ ನುಡಿಗಟ್ಟು ಯೆಹೋವನ ಬೆಟ್ಟಕ್ಕೆ ಅನ್ವಯವಾಗಿದೆ. ಬಾಳನ ಬೆಟ್ಟವನ್ನಾಗಲಿ ಯೆಹೋವನ ಬೆಟ್ಟವನ್ನಾಗಲಿ ಯಾರೂ ಮರಣಪತ್ರದಲ್ಲಿ ಬರೆದುಕೊಟ್ಟದ್ದಲ್ಲ. ಅದು ಆ ದೇವರಿಗೇ ಸೇರಿದ, ಅವನಿಂದ ಬೇರ್ಪಡಿಸಲಾಗದ ನೆಲೆ.

ಹೀಬ್ರೂವಿನಲ್ಲಿ ಇದರ ಪಕ್ಕದಲ್ಲಿಯೇ ನಿಲ್ಲುವ ಇನ್ನೊಂದು ಧಾತು ‘ಯಾರಶ್’. ವಶಪಡಿಸಿಕೊಳ್ಳುವುದು, ಒಡೆಯನಾಗುವುದು ಎಂಬುದು ಅದರ ಅರ್ಥ. ಅದರ ಪ್ರೇರಣಾರ್ಥಕ ರೂಪಕ್ಕೆ ಇದ್ದವರನ್ನು ಹೊರಡಿಸುವುದು ಎಂಬ ಅರ್ಥವೂ ಇದೆ. ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಮಕ್ಕಳಿಲ್ಲದ ಅಬ್ರಾಮನು ತನ್ನ ಮನೆಯ ಸೇವಕನೇ ತನಗೆ ಬಾಧ್ಯನಾಗುವನೆಂದು ಕೊರಗುವಾಗ ಬರುವುದು ಈ ಧಾತುವೇ. ಎರಡೂ ಅನೇಕ ಕಡೆ ಒಂದರ ಮೇಲೊಂದು ಹಾಯುತ್ತವೆ, ಒಂದೇ ವಾಕ್ಯದಲ್ಲಿ ಜೊತೆಯಾಗಿಯೂ ಬರುತ್ತವೆ. ಆದರೂ ಒತ್ತು ಬೇರೆ. ಯಾರಶ್ ತೆಗೆದುಕೊಳ್ಳುವವನ ಕಡೆಯಿಂದ ನೋಡುತ್ತದೆ, ನಹಲಾ ಕೊಟ್ಟವನನ್ನು ನೆನಪಿನಲ್ಲಿಡುತ್ತದೆ. ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದನ್ನು ನಾಬೋತನ ಕಥೆ ತೋರಿಸುತ್ತದೆ. ಅದಕ್ಕೆ ಮೊದಲು ಹಂಚಿಕೆ ಹೇಗೆ ನಡೆಯಿತೆಂದು ನೋಡಬೇಕು.

ಅರಣ್ಯಕಾಂಡದ 26ನೆಯ ಅಧ್ಯಾಯವು ಎರಡು ಸೂತ್ರಗಳನ್ನು ಒಟ್ಟಿಗೆ ಕೊಡುತ್ತದೆ: ಹೆಚ್ಚು ಜನರಿರುವ ಕುಲಕ್ಕೆ ಹೆಚ್ಚು ಭೂಮಿ, ಕಡಿಮೆ ಜನರಿರುವ ಕುಲಕ್ಕೆ ಕಡಿಮೆ ಭೂಮಿ, ಆದರೆ ಯಾರ ಪಾಲು ಎಲ್ಲಿ ಎಂಬುದನ್ನು ಚೀಟಿನಿಂದಲೇ ತೀರ್ಮಾನಿಸಬೇಕು. ಯೆಹೋಶುವನ ಗ್ರಂಥದ 18ನೆಯ ಅಧ್ಯಾಯದಲ್ಲಿ ಈ ಕೆಲಸದ ವಿವರವಿದೆ. ಇನ್ನೂ ಭೂಮಿ ಸಿಗದ 7 ಕುಲಗಳಿಂದ ತಲಾ 3 ಮಂದಿ ಹೊರಟು, ದೇಶವನ್ನೆಲ್ಲ ತಿರುಗಾಡಿ, ಪಟ್ಟಣಗಳ ಪ್ರಕಾರ 7 ಭಾಗಗಳಾಗಿ ಅದರ ವಿವರವನ್ನು ಪುಸ್ತಕದಲ್ಲಿ ಬರೆದು ಶೀಲೋವಿಗೆ ತರುತ್ತಾರೆ. ಆಮೇಲೆ ಮೋಶೆಯ ನಂತರ ನಾಯಕನಾದ ಯೆಹೋಶುವನು ಅಲ್ಲಿ ಯೆಹೋವನ ಸನ್ನಿಧಿಯಲ್ಲಿ ಚೀಟು ಹಾಕುತ್ತಾನೆ. ಮೋಜಣಿ ಮನುಷ್ಯರದು, ತೀರ್ಮಾನ ದೇವರದು ಎಂಬ ಭಾವನೆ ಈ ಕ್ರಮದಲ್ಲಿಯೇ ಅಡಗಿದೆ. ಹೆಚ್ಚುಕಡಿಮೆಯಾದಾಗ ಸರಿಪಡಿಸಿದ್ದೂ ಉಂಟು. ಯೆಹೂದ ಕುಲಕ್ಕೆ ಬಂದ ಭಾಗ ಅವರಿಗೆ ಹೆಚ್ಚಾಯಿತೆಂದು ಅದರೊಳಗೇ ಸಿಮೆಯೋನ ಕುಲಕ್ಕೆ ಪಾಲು ಕೊಡಲಾಯಿತು. ಎಲ್ಲರಿಗೂ ಹಂಚಿ ಮುಗಿದ ಮೇಲೆ ಯೆಹೋಶುವನಿಗೆ ಅವನು ಕೇಳಿದ ಊರು ದೊರೆಯಿತು. ಈ ಗಡಿಪಟ್ಟಿಗಳು ಈಗಿನ ರೂಪವನ್ನು ಪಡೆದದ್ದು ಬಹಳ ನಂತರದ ಕಾಲದಲ್ಲಿ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಭೂಮಿಯ ಮೇಲಿನ ಹಕ್ಕನ್ನು ಆ ಜನ ಹೇಗೆ ಗ್ರಹಿಸಿದ್ದರು ಎಂಬ ಪ್ರಶ್ನೆಗೆ ಮಾತ್ರ ಈ ಪಟ್ಟಿಗಳು ನೇರ ಸಾಕ್ಷಿ.

ಈ ಗ್ರಹಿಕೆಗೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಹಂಚಿದ ಭೂಮಿ ಖಾಲಿ ಬಿದ್ದಿದ್ದ ಭೂಮಿಯಲ್ಲ. ಧರ್ಮೋಪದೇಶಕಾಂಡವು ನಹಲಾವನ್ನು ಹೇಳುವ ಕಡೆಗಳಲ್ಲಿಯೇ ಅಲ್ಲಿದ್ದ ಜನಾಂಗಗಳನ್ನು ಹೊರಡಿಸುವ ಮಾತನ್ನೂ ಹೇಳುತ್ತದೆ. ಪಡೆದವರ ಪಾಲಿಗೆ ಕೃಪೆಯಾಗಿದ್ದದ್ದು ಕಳೆದುಕೊಂಡವರ ಪಾಲಿಗೆ ವಿನಾಶವಾಗಿತ್ತು. ಈ ಪದವನ್ನು ಗೌರವದಿಂದ ಓದುವವರು ಆ ಭಾರವನ್ನೂ ಹೊತ್ತು ಓದಬೇಕೆಂದು ನಾನು ನಂಬುತ್ತೇನೆ.

ಇನ್ನು ಚಲ್ಪಹಾದನ ಹೆಣ್ಣುಮಕ್ಕಳ ಪ್ರಸಂಗ. ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐವರು ಸೋದರಿಯರು ಮೋಶೆಯ ಮುಂದೆಯೂ ಸಮಸ್ತ ಸಮೂಹದ ಮುಂದೆಯೂ ನಿಂತು, ಗಂಡುಮಕ್ಕಳಿಲ್ಲವೆಂಬ ಕಾರಣಕ್ಕೆ ತಮ್ಮ ತಂದೆಯ ಹೆಸರು ಅವನ ಗೋತ್ರದಿಂದ ಏಕೆ ಅಳಿಯಬೇಕೆಂದು ಕೇಳುತ್ತಾರೆ. ಈ ಪ್ರಸಂಗವನ್ನು ಸಾಮಾನ್ಯವಾಗಿ ಹೆಣ್ಣಿನ ಆಸ್ತಿಹಕ್ಕಿನ ದೃಷ್ಟಿಯಿಂದ ಚರ್ಚಿಸುತ್ತಾರೆ, ಅದು ಉಚಿತವೂ ಹೌದು. ಆದರೆ ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅವರ ತಂದೆ ಅರಣ್ಯದಲ್ಲಿ ಸತ್ತವನು. ಕಾನಾನಿನಲ್ಲಿ ಅವನಿಗೆ ಒಂದು ಗೇಣು ನೆಲವೂ ಇರಲಿಲ್ಲ. ಸೋದರಿಯರು ಮಾತನಾಡುತ್ತಿರುವಾಗ ಇಸ್ರಾಯೇಲರು ಯೊರ್ದನ್ ಹೊಳೆಯನ್ನು ದಾಟಿಯೂ ಇಲ್ಲ, ಮೋವಾಬಿನ ಬಯಲಿನಲ್ಲಿ ಇಳಿದುಕೊಂಡಿದ್ದಾರೆ. ಏನನ್ನೂ ಬಿಟ್ಟುಹೋಗದ ತಂದೆಯ ನಹಲಾವನ್ನು ಅವರು ಕೇಳುತ್ತಿದ್ದಾರೆ, ಯೆಹೋವನು ‘ಅವರು ಹೇಳುವುದು ನ್ಯಾಯವಾಗಿದೆ’ ಎಂದು ಉತ್ತರ ಕೊಡುತ್ತಾನೆ. ಬಿಟ್ಟುಹೋದ ಆಸ್ತಿಯೇ ಈ ಪದದ ಅರ್ಥವಾಗಿದ್ದರೆ ಅವರ ಬೇಡಿಕೆಗೆ ಆಧಾರವೇ ಇರುತ್ತಿರಲಿಲ್ಲ. ಮುಂದೆ ನಡೆಯಲಿರುವ ಹಂಚಿಕೆಯಲ್ಲಿ ಆ ಹೆಸರಿಗೆ ಸಲ್ಲಬೇಕಾದ ಪಾಲು ಒಂದಿದೆ, ಅದು ತಪ್ಪಿಹೋಗಬಾರದು ಎಂಬುದು ಅವರ ವಾದ. ಆ ಉತ್ತರದ ಮುಂದುವರಿಕೆಯಾಗಿಯೇ ಮಗ, ಮಗನಿಲ್ಲದಿದ್ದರೆ ಮಗಳು, ಆಮೇಲೆ ಅಣ್ಣತಮ್ಮಂದಿರು, ತಂದೆಯ ಅಣ್ಣತಮ್ಮಂದಿರು, ಕೊನೆಗೆ ಹತ್ತಿರದ ರಕ್ತಸಂಬಂಧಿ ಎಂಬ ಅನುಕ್ರಮ ಬರುತ್ತದೆ. 36ನೆಯ ಅಧ್ಯಾಯದಲ್ಲಿ ಅದೇ ಗೋತ್ರದ ಹಿರಿಯರು ಬಂದು, ಈ ಹೆಣ್ಣುಮಕ್ಕಳು ಬೇರೆ ಕುಲದವರನ್ನು ಮದುವೆಯಾದರೆ ಭೂಮಿಯೂ ಅವರೊಂದಿಗೆ ಆ ಕುಲಕ್ಕೆ ಹೋಗುವುದೆಂದು ಆಕ್ಷೇಪಿಸಿದಾಗ, ತಂದೆಯ ಕುಲದೊಳಗೇ ಮದುವೆಯಾಗಬೇಕೆಂಬ ನಿರ್ಬಂಧ ಸೇರುತ್ತದೆ. ಸೋದರಿಯರಿಗೆ ದೊರೆತ ಹಕ್ಕು ಹೀಗೆ ಮೊಟಕಾದದ್ದು ನಿಜ; ಮೊಟಕುಗೊಳಿಸಿದ್ದೂ ನಹಲಾ ಕದಲಬಾರದೆಂಬ ತರ್ಕವೇ.

ಆ ತರ್ಕದ ಬುಡ ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿದೆ. ಅಲ್ಲಿ ಬಳಕೆಯಾಗಿರುವುದು ‘ಅಹುಜ್ಜಾ’, ಅಂದರೆ ಹಿಡುವಳಿ, ಎಂಬ ಪದವಾದರೂ ವಿಚಾರ ಒಂದೇ. ‘ಭೂಮಿಯನ್ನು ಶಾಶ್ವತವಾಗಿ ಮಾರಬಾರದು, ಏಕೆಂದರೆ ಭೂಮಿ ನನ್ನದು, ನೀವು ನನ್ನ ಬಳಿಯಲ್ಲಿ ಪರದೇಶಿಗಳೂ ಒಕ್ಕಲುಗಳೂ ಆಗಿದ್ದೀರಿ’ ಎಂಬುದು 23ನೆಯ ವಚನದ ತಾತ್ಪರ್ಯ. ಕಷ್ಟಕ್ಕೆ ಸಿಕ್ಕವನು ಹೊಲವನ್ನು ಮಾರಬಹುದು, ಆದರೆ 50ನೆಯ ವರ್ಷವಾದ ಜೂಬಿಲಿಯಲ್ಲಿ ಅದು ಅವನಿಗೋ ಅವನ ಮಕ್ಕಳಿಗೋ ಮರಳಬೇಕು. ಅಷ್ಟರೊಳಗೆ ಹತ್ತಿರದ ಸಂಬಂಧಿಕನು ಹಣ ಕೊಟ್ಟು ಬಿಡಿಸಿಕೊಳ್ಳಲೂಬಹುದು. ಬೆಲೆಯನ್ನು ಕಟ್ಟುವ ಬಗೆಯಂತೂ ಸ್ಪಷ್ಟವಾಗಿದೆ. ಮುಂದಿನ ಜೂಬಿಲಿಗೆ ಎಷ್ಟು ಬೆಳೆ ಉಳಿದಿದೆಯೋ ಅಷ್ಟಕ್ಕೆ ಬೆಲೆ, ಏಕೆಂದರೆ ‘ಅವನು ನಿನಗೆ ಮಾರುವುದು ಬೆಳೆಗಳ ಸಂಖ್ಯೆಯನ್ನು’ ಎಂದು 16ನೆಯ ವಚನ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಜಮೀನನ್ನು ಭೋಗ್ಯಕ್ಕೆ ಹಾಕುವುದನ್ನು ಬಲ್ಲವರಿಗೆ ಈ ಲೆಕ್ಕ ಸುಲಭವಾಗಿ ತಿಳಿಯುತ್ತದೆ: ಕೈ ಬದಲಾಗುವುದು ಫಸಲು, ಖಾತೆಯಲ್ಲ. ಕೋಟೆಯೊಳಗಿನ ಊರಿನ ಮನೆಗೆ ಮಾತ್ರ ನಿಯಮ ಬೇರೆ. ಮಾರಿದವನು ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ಶಾಶ್ವತ. ಕಟ್ಟಿದ ಮನೆ ಸರಕಾಗಬಹುದು, ಹಂಚಿಕೆಯಾಗಿ ಬಂದ ಹೊಲ ಆಗಬಾರದು. ಜೂಬಿಲಿ ನಿಯಮದಂತೆ ಒಮ್ಮೆಯಾದರೂ ಭೂಮಿ ಮರಳಿದ ಪ್ರಸಂಗವನ್ನು ಬೈಬಲ್ಲಿನ ಚರಿತ್ರೆಯ ಗ್ರಂಥಗಳು ವರ್ಣಿಸುವುದಿಲ್ಲ. ಆದರೆ ಭೂಮಿಯನ್ನು ಹಾಗೆ ಕಂಡ ಒಬ್ಬ ರೈತನ ಕಥೆಯನ್ನು ಹೇಳುತ್ತವೆ.

ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯದಲ್ಲಿ ನಾಬೋತನ ದ್ರಾಕ್ಷಾತೋಟ ಇಜ್ರೇಲಿನಲ್ಲಿ ಅಹಾಬನ ಅರಮನೆಯ ಪಕ್ಕದಲ್ಲಿದೆ. ಅಹಾಬನು ಕ್ರಿ.ಪೂ. 9ನೆಯ ಶತಮಾನದಲ್ಲಿ ಉತ್ತರದ ಇಸ್ರಾಯೇಲ್ ರಾಜ್ಯವನ್ನು ಆಳಿದವನು. ಕಾಯಿಪಲ್ಲೆ ಬೆಳೆಯಲು ಆ ತೋಟ ಬೇಕೆಂದು ಅವನು ಕೇಳುತ್ತಾನೆ. ಬದಲಿಗೆ ಇದಕ್ಕಿಂತ ಒಳ್ಳೆಯ ತೋಟ, ಬೇಡವಾದರೆ ಬೆಲೆಗೆ ತಕ್ಕ ಬೆಳ್ಳಿ. ಸಂತೆಯ ನ್ಯಾಯದಲ್ಲಿ ಇದು ಧಾರಾಳವಾದ ಬೇಡಿಕೆ. ನಾಬೋತನ ಉತ್ತರ ಒಂದೇ ವಾಕ್ಯ: ‘ನನ್ನ ಪಿತೃಗಳ ನಹಲಾವನ್ನು ನಿಮಗೆ ಕೊಡುವ ಕೆಲಸ ನನ್ನಿಂದ ಆಗದಂತೆ ಯೆಹೋವನು ಕಾಯಲಿ.’ ಅವನು ಬೆಲೆಯ ಮಾತನ್ನೇ ಎತ್ತುವುದಿಲ್ಲ, ಮಾರಲು ಮನಸ್ಸಿಲ್ಲ ಎಂದೂ ಹೇಳುವುದಿಲ್ಲ. ಅವನ ದೃಷ್ಟಿಯಲ್ಲಿ ಅದು ಕೊಡಲು ತನಗೆ ಅಧಿಕಾರವಿಲ್ಲದ ವಸ್ತು.

ಇಲ್ಲಿಂದ ಮುಂದೆ ಕಥನಕಾರನು ಪದಗಳನ್ನು ಆಯ್ದುಕೊಂಡ ಬಗೆಯನ್ನು ಹತ್ತಿರದಿಂದ ನೋಡಬೇಕು. ಅಹಾಬನು ಮುಖ ಗಂಟಿಕ್ಕಿಕೊಂಡು ಅರಮನೆಗೆ ಹೋಗುವಾಗ ಅವನ ಕಿವಿಯಲ್ಲಿ ಉಳಿದಿರುವುದು ನಹಲಾ ಎಂಬ ಮಾತೇ. 4ನೆಯ ವಚನ ಅದನ್ನು ಮತ್ತೆ ಹೇಳುತ್ತದೆ. ಆದರೆ ರಾಣಿ ಈಜೆಬೆಲ್ ಕಾರಣ ಕೇಳಿದಾಗ ಅವನು ನಾಬೋತನ ಮಾತನ್ನು ತಿದ್ದಿ ಹೇಳುತ್ತಾನೆ: ‘ನನ್ನ ದ್ರಾಕ್ಷಾತೋಟವನ್ನು ನಿಮಗೆ ಕೊಡುವುದಿಲ್ಲ ಎಂದ.’ ಪಿತೃಗಳೂ ಹೋದರು, ಯೆಹೋವನೂ ಹೋದನು, ನಹಲಾ ಹೋಯಿತು. ಹಟಮಾರಿ ರೈತನೊಬ್ಬ ಉಳಿದ. ಅಲ್ಲಿಂದಾಚೆ ನಹಲಾ ಎಂಬ ಪದ ಈ ಕಥೆಯಲ್ಲಿ ಮತ್ತೆ ಬರುವುದೇ ಇಲ್ಲ. ಈಜೆಬೆಲಳು ರಾಜಮುದ್ರೆಯ ಪತ್ರಗಳನ್ನು ಬರೆಯಿಸಿ, ಇಬ್ಬರು ಸುಳ್ಳುಸಾಕ್ಷಿಗಳನ್ನು ನಿಲ್ಲಿಸಿ, ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದ ಮೇಲೆ ಗಂಡನಿಗೆ ಹೇಳುವ ಮಾತಿನಲ್ಲಿ, ಅಹಾಬನು ತೋಟಕ್ಕೆ ಇಳಿದುಹೋಗುವ ವಾಕ್ಯದಲ್ಲಿ, ಪ್ರವಾದಿ ಎಲೀಯನಿಗೆ ಬಂದ ದೈವವಾಣಿಯಲ್ಲಿ, ಎಲ್ಲ ಕಡೆ ಇರುವುದು ಯಾರಶ್ ಧಾತು. ಕೊನೆಗೆ ಎಲೀಯನ ಮೂಲಕ ಬರುವ ಪ್ರಶ್ನೆ ಮೂಲದಲ್ಲಿ ಮೂರೇ ಪದಗಳದು, ‘ಹರಾತ್ಸಹ್ತಾ ವೆಗಮ್ ಯಾರಾಶ್ತಾ’: ಕೊಂದದ್ದೂ ಅಲ್ಲದೆ ವಶಪಡಿಸಿಕೊಂಡೆಯಾ? ಕೊಲೆಯಿಂದ ತೋಟ ಅಹಾಬನ ವಶಕ್ಕೆ ಬಂತು, ನಹಲಾ ಬರಲಿಲ್ಲ; ಅದು ಹಾಗೆ ಬರುವಂಥದ್ದಲ್ಲ. ಅರಸುಗಳ ಎರಡನೆಯ ಗ್ರಂಥದ 9ನೆಯ ಅಧ್ಯಾಯವು ನಾಬೋತನ ಮಕ್ಕಳ ರಕ್ತವನ್ನೂ ನೆನಪಿಸುತ್ತದೆ. ಬಾಧ್ಯಸ್ಥರು ಬದುಕಿರುವ ತನಕ ಆ ಪಾಲು ಬಿಡುಗಡೆಯಾಗದೆಂಬುದನ್ನು ಕೊಂದವರೂ ಅರಿತಿದ್ದರೆಂದು ನನಗೆ ತೋರುತ್ತದೆ.

ನಾಬೋತನ ನಂತರದ ಶತಮಾನದಲ್ಲಿ ಇದು ಒಬ್ಬ ರೈತನ ಕಥೆಯಾಗಿ ಉಳಿಯಲಿಲ್ಲ. ಮನೆಗೆ ಮನೆ ಕೂಡಿಸಿ, ಹೊಲಕ್ಕೆ ಹೊಲ ಸೇರಿಸಿಕೊಳ್ಳುವವರನ್ನು ಯೆಶಾಯನು ಶಪಿಸಿದನು. ಮೀಕನು ತನ್ನ ಗ್ರಂಥದ 2ನೆಯ ಅಧ್ಯಾಯದಲ್ಲಿ, ಹೊಲಗಳನ್ನು ಬಯಸಿ ಕಿತ್ತುಕೊಳ್ಳುವವರು ಮನುಷ್ಯನನ್ನೂ ಅವನ ನಹಲಾವನ್ನೂ ಒಟ್ಟಿಗೆ ತುಳಿಯುತ್ತಾರೆ ಎಂದನು. ಅವರಿಗಾಗಿ ಯೆಹೋವನ ಸಭೆಯಲ್ಲಿ ಅಳತೆಯ ಹಗ್ಗ ಎಳೆಯುವವನು ಇನ್ನು ಯಾರೂ ಇರುವುದಿಲ್ಲ ಎಂಬುದು ಅವನು ಸಾರಿದ ದಂಡನೆ.

ಭೂಮಿಯೇ ಇಲ್ಲದ ಕುಲಕ್ಕೆ ಈ ಪದ ಹೇಗೆ ಸಲ್ಲುತ್ತದೆ? ಲೇವಿಯರಿಗೆ ಹಂಚಿಕೆಯಲ್ಲಿ ಪ್ರದೇಶ ಸಿಗಲಿಲ್ಲ; ಇತರ ಕುಲಗಳ ನಡುವೆ ಚದುರಿದ 48 ಪಟ್ಟಣಗಳೂ ಅವುಗಳ ಸುತ್ತಲಿನ ಹುಲ್ಲುಗಾವಲೂ ವಾಸಕ್ಕೆ ದೊರೆತವು. ಅವರ ಜೀವನಾಧಾರವಾದ ದಶಮಾಂಶವನ್ನು ಅರಣ್ಯಕಾಂಡದ 18ನೆಯ ಅಧ್ಯಾಯ ಅವರ ನಹಲಾ ಎಂದು ಕರೆಯುತ್ತದೆ. ಅದೇ ಅಧ್ಯಾಯದ 20ನೆಯ ವಚನದಲ್ಲಿ ಯೆಹೋವನು ಲೇವಿ ಕುಲದ ಯಾಜಕನಾದ ಆರೋನನಿಗೆ ‘ನಾನೇ ನಿನ್ನ ಪಾಲು, ನಾನೇ ನಿನ್ನ ನಹಲಾ’ ಎನ್ನುತ್ತಾನೆ. ಇದನ್ನು ಭಕ್ತಿಯ ಅಲಂಕಾರವೆಂದು ತಳ್ಳಿಹಾಕಬಾರದು. ಹೊಲವಿಲ್ಲದವನು ಇತರರ ಹೊಲದ ಫಲದಲ್ಲಿ ಹಕ್ಕಿನಿಂದ ಪಾಲುಗಾರನಾಗುವ ವ್ಯವಸ್ಥೆ ಅದು. ಆ ಹಕ್ಕನ್ನು ಅವನಿಗೆ ಕೊಟ್ಟವನು ಭೂಮಿಯ ನಿಜವಾದ ಒಡೆಯ.

ಈ ಹಿನ್ನೆಲೆಯಿಂದ ನೋಡಿದರೆ 16ನೆಯ ಕೀರ್ತನೆಯ 5 ಮತ್ತು 6ನೆಯ ವಚನಗಳು ಬೇರೆಯೇ ಆಗಿ ಕಾಣುತ್ತವೆ. ಯೆಹೋವನೇ ನನ್ನ ಪಾಲು, ನನ್ನ ಚೀಟನ್ನು ಹಿಡಿದಿರುವವನು ನೀನೇ, ಅಳತೆಯ ಹಗ್ಗಗಳು ನನಗೆ ರಮಣೀಯ ಸ್ಥಳಗಳಲ್ಲಿ ಬಿದ್ದಿವೆ, ನನಗೆ ಬಂದ ನಹಲಾ ಚೆಲುವಾಗಿದೆ ಎಂದು ಕೀರ್ತನಕಾರನು ಹಾಡುತ್ತಾನೆ. ಪಾಲು, ಚೀಟು, ಹಗ್ಗ, ನಹಲಾ: ಈ ನಾಲ್ಕೂ ಶೀಲೋವಿನ ಮೋಜಣಿಗೆ ಸೇರಿದ ಪದಗಳು. ಹೊಲ ಹಂಚುವಾಗ ತನ್ನ ಚೀಟು ಎಲ್ಲಿ ಬೀಳುವುದೋ ಎಂದು ಕಾದು ನಿಂತ ರೈತನ ಆತಂಕ, ಒಳ್ಳೆಯ ನೆಲ ಬಂದಾಗಿನ ಹರ್ಷ, ಇವನ್ನು ಬಲ್ಲವನು ಮಾತ್ರ ಹೀಗೆ ಹಾಡಬಲ್ಲ.

ಅದೇ ಹಗ್ಗವು ದೇವರ ಕಡೆಯಿಂದಲೂ ಬೀಳುತ್ತದೆ. ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದ ಗೀತೆಯಲ್ಲಿ ಪರಾತ್ಪರನು ಜನಾಂಗಗಳಿಗೆ ಅವರವರ ಪಾಲನ್ನು ಹಂಚುವಾಗ, ಯಾಕೋಬನ ವಂಶವು ಯೆಹೋವನ ‘ನಹಲಾದ ಹಗ್ಗ’ವಾಗುತ್ತದೆ, ಅಳೆದು ತನ್ನದೆಂದು ಗುರುತಿಸಿಕೊಂಡ ಪಾಲು ಎಂದರ್ಥ. ಅರಸನಾದ ಸೌಲನಿಂದ ತಪ್ಪಿಸಿಕೊಂಡು ಅಲೆಯುತ್ತಿದ್ದ ದಾವೀದನು, ಯೆಹೋವನ ನಹಲಾದಲ್ಲಿ ಸೇರದಂತೆ ತನ್ನನ್ನು ಹೊರಗೆ ಅಟ್ಟಿದ್ದಾರೆಂದು ದೂರುವಾಗ ಭೂಮಿ, ಜನ, ಆರಾಧನೆ ಮೂರೂ ಆ ಒಂದೇ ಪದದಲ್ಲಿ ಕೂಡಿಕೊಂಡಿವೆ. ಹೀಗೆ ಸಂಬಂಧ ಎರಡೂ ಕಡೆಗೆ ಹೆಣೆದುಕೊಳ್ಳುತ್ತದೆ. ಜನರಿಗೆ ಭೂಮಿ ನಹಲಾ, ದೇವರಿಗೆ ಜನರು ನಹಲಾ, ಲೇವಿಯರಿಗೆ ದೇವರು ನಹಲಾ, ಯಾವುದನ್ನೂ ಮಾರುವಂತಿಲ್ಲ.

ಮಾರಲಾಗದ್ದು ಕಳೆದುಹೋದಾಗ ಏನಾಯಿತು ಎಂಬುದನ್ನು ಜನರನ್ನು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಒಯ್ದ ಕಾಲದ ಬರಹಗಳು ಹೇಳುತ್ತವೆ. ‘ನಮ್ಮ ನಹಲಾ ಅನ್ಯರ ಪಾಲಾಯಿತು, ನಮ್ಮ ಮನೆಗಳು ಪರದೇಶಿಗಳ ವಶವಾದವು’ ಎಂಬುದು ಪ್ರಲಾಪಗಳ ಕೊನೆಯ ಅಧ್ಯಾಯದ ಗೋಳು. ಯೆರೂಸಲೇಮಿಗೆ ಬಾಬೆಲಿನವರು ಮುತ್ತಿಗೆ ಹಾಕಿದ್ದಾಗಲೇ ಪ್ರವಾದಿ ಯೆರೆಮೀಯನು ತನ್ನ ತಂದೆಯ ಸೋದರನ ಮಗನಾದ ಹನಮೇಲನಿಂದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಬಿಡಿಸಿಕೊಂಡು, ಕ್ರಯಪತ್ರವನ್ನು ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿ ಇಡಿಸಿದನು. ಶತ್ರುವಿನ ವಶದಲ್ಲಿರುವ ನೆಲದ ಮೇಲೂ ಹಕ್ಕು ಸಾಯುವುದಿಲ್ಲವೆಂಬ ನಂಬಿಕೆ ಅದರಲ್ಲಿದೆ. ಸೆರೆಯಲ್ಲಿದ್ದ ಯೆಹೆಜ್ಕೇಲನು ಮುಂದೆ ಬರಲಿರುವ ಹಂಚಿಕೆಯ ದರ್ಶನವನ್ನು ಬರೆದನು. ಅದರ 46ನೆಯ ಅಧ್ಯಾಯದಲ್ಲಿ ಪ್ರಭುವು ಪ್ರಜೆಗಳ ನಹಲಾವನ್ನು ಕಿತ್ತುಕೊಳ್ಳಬಾರದು, ತನ್ನ ಸ್ವಂತ ಆಸ್ತಿಯಿಂದಲೇ ತನ್ನ ಮಕ್ಕಳಿಗೆ ಪಾಲು ಕೊಡಬೇಕು ಎಂಬ ಕಟ್ಟಳೆಯಿದೆ. 47ನೆಯ ಅಧ್ಯಾಯದ ಕೊನೆ ಇನ್ನೂ ಮುಂದೆ ಹೋಗುತ್ತದೆ: ನಿಮ್ಮ ನಡುವೆ ನೆಲೆಸಿ ಮಕ್ಕಳನ್ನು ಪಡೆದ ಪರದೇಶಿಗಳಿಗೂ ಚೀಟು ಹಾಕಬೇಕು, ಅವರು ಯಾವ ಕುಲದ ನಡುವೆ ಇದ್ದಾರೋ ಅಲ್ಲಿಯೇ ಅವರಿಗೆ ನಹಲಾ ಕೊಡಬೇಕು. ಇದ್ದವರನ್ನು ಹೊರಡಿಸಿ ಪಡೆದ ಪಾಲಿನಿಂದ ಆರಂಭವಾದ ಪದವು, ತಾವೇ ಹೊರದೂಡಲ್ಪಟ್ಟವರ ಬಾಯಲ್ಲಿ ಪರದೇಶಿಗೂ ಪಾಲು ಕೊಡುವ ಮಾತಾಯಿತು. ಇಡೀ ಗ್ರಂಥದಲ್ಲಿ ಈ ಪದ ಪಡೆದ ತಿರುವುಗಳಲ್ಲಿ ಇದು ಅತ್ಯಂತ ದೊಡ್ಡದೆಂದು ನನ್ನ ಎಣಿಕೆ.

ಗ್ರೀಕ್ ಭಾಷೆಗೆ ಹೋದಾಗ ನಹಲಾ ಹೆಚ್ಚಾಗಿ ‘ಕ್ಲೆರೊನೊಮಿಯಾ’ ಆಯಿತು. ‘ಕ್ಲೆರೋಸ್’ ಎಂದರೆ ಚೀಟು. ಹಂಚಿಕೆಯ ನೆನಪು ಅದರಲ್ಲಿ ಉಳಿಯಿತು. ಹೊಸ ಒಡಂಬಡಿಕೆಯ ಲೇಖಕರು ಬಳಸಿದ್ದು ಈ ಪದವನ್ನೇ. ಪೇತ್ರನ ಮೊದಲನೆಯ ಪತ್ರವು ಪೊಂತ, ಗಲಾತ್ಯ ಮುಂತಾದ ಸೀಮೆಗಳಲ್ಲಿ ಚದುರಿ ಪ್ರವಾಸಿಗಳಂತಿರುವವರಿಗೆ, ಲಯವೂ ಕಳಂಕವೂ ಬಾಡುವಿಕೆಯೂ ಇಲ್ಲದ ಬಾಧ್ಯತೆ ಪರಲೋಕದಲ್ಲಿ ಇದೆಯೆಂದು ಹೇಳುತ್ತದೆ. ಲೇವಿಯರಂತೆ ಅವರಿಗೂ ಹೊಲದ ಆಧಾರವಿಲ್ಲದ ನಹಲಾ. ಸಾವು ಈ ಅರ್ಥದ ನಡುವೆ ಬಂದು ನಿಲ್ಲುವುದು ಇಬ್ರಿಯರಿಗೆ ಬರೆದ ಪತ್ರದ 9ನೆಯ ಅಧ್ಯಾಯದಲ್ಲಿ. ಗ್ರೀಕಿನ ‘ದಿಯಾಥೇಕೆ’ ಎಂಬ ಪದಕ್ಕೆ ಒಡಂಬಡಿಕೆ, ಮರಣಶಾಸನ ಎಂಬ ಎರಡೂ ಅರ್ಥಗಳಿರುವುದರಿಂದ, ಶಾಸನ ಜಾರಿಗೆ ಬರಲು ಅದನ್ನು ಬರೆದವನು ಸತ್ತಿರಬೇಕು ಎಂಬ ವಾದವನ್ನು ಕ್ರಿಸ್ತನ ಮರಣಕ್ಕೆ ಅನ್ವಯಿಸಿ, ಅದರ ಮೂಲಕವೇ ನಿತ್ಯವಾದ ಬಾಧ್ಯತೆ ದೊರೆಯುವುದೆಂದು ಆ ಪತ್ರ ವಿವರಿಸುತ್ತದೆ. ಕ್ರೈಸ್ತ ಓದುಗರು ‘ಸ್ವಾಸ್ತ್ಯ’ವನ್ನು ಕೇಳಿದೊಡನೆ ಮರಣಪತ್ರವನ್ನು ನೆನೆಯುವುದಕ್ಕೆ ಈ ಅಧ್ಯಾಯವೂ ಒಂದು ಕಾರಣವಿರಬಹುದು.

ಯೆಹೂದಿ ನ್ಯಾಯಪರಂಪರೆ ಬೇರೆ ದಾರಿ ಹಿಡಿಯಿತು. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾದಲ್ಲಿ ‘ಬಾವಾ ಬತ್ರಾ’ ಎಂಬ ಭಾಗದ 8ನೆಯ ಅಧ್ಯಾಯವು ಚಲ್ಪಹಾದನ ಹೆಣ್ಣುಮಕ್ಕಳಿಂದ ಬಂದ ಅನುಕ್ರಮವನ್ನೇ ಆಧಾರವಾಗಿ ಇಟ್ಟುಕೊಂಡು ನಹಲಾದ ನಿಯಮಗಳನ್ನು ವಿವರಿಸುತ್ತದೆ. ತಂದೆಯೊಬ್ಬನು ‘ನನ್ನ ಈ ಮಗ ತನ್ನ ಅಣ್ಣತಮ್ಮಂದಿರೊಂದಿಗೆ ಬಾಧ್ಯನಾಗಕೂಡದು’ ಎಂದು ಹೇಳಿದರೆ ಅವನು ಏನೂ ಹೇಳಿದಂತಾಗಲಿಲ್ಲ, ಏಕೆಂದರೆ ಅದು ಧರ್ಮಶಾಸ್ತ್ರದಲ್ಲಿ ಬರೆದದ್ದಕ್ಕೆ ವಿರುದ್ಧ. ಒಬ್ಬ ಮಗನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ ಕೊಡಲು ಅವನಿಗೆ ಅವಕಾಶವುಂಟು. ಆದರೆ ಅದನ್ನು ದಾನವೆಂದು ಹೇಳಿ ಕೊಡಬೇಕು. ನಹಲಾ ಎಂದು ಹೇಳಿ ಕೊಟ್ಟರೆ ಆ ಮಾತು ನಿಲ್ಲುವುದಿಲ್ಲ.